ಬೈಲಕುಪ್ಪೆಯಿಂದ ಉಡುಪಿಗೆ: ದೇವರನ್ನು ನಂಬಿದರೆ ಮತವಾಯಿತೇ?

ಗುರುವಾರ, ಬೈಲಕುಪ್ಪೆ

ಹುಣಸೂರು ದಾಟಿ ಪಿರಿಯಾಪಟ್ಟಣ ಬರುವ ಹೊತ್ತಿಗೆ ರಸ್ತೆಯ ಎರಡೂ ಬದಿ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ ಮನೆಗಳು. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಗಾಳಿಗೆ ಪಟಪಟಿಸುವ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು. ಕಾರಿನಲ್ಲಿ ನಾನು, ನನ್ನ ಅಕ್ಕ, ಅಕ್ಕನ ಮಗಳು. ದೇವರಿದ್ದಾನೆ ಎಂದು ನಂಬಿದಮಾತ್ರಕ್ಕೆ ಅದು ಮತವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪ್ರವಾಸದ ದಾರಿಯನ್ನು ನಾನೇ ಗೊತ್ತುಮಾಡಿದ್ದೆ. ವಕೀಲನಾದ ನನಗೆ ಸುಪ್ರೀಂ ಕೋರ್ಟು ಇದಕ್ಕೆ ಕೊಟ್ಟ ಉತ್ತರ ಗೊತ್ತು. ಆದರೆ ಆ ಉತ್ತರ ಹುಟ್ಟಿದ್ದು ನಮ್ಮ ಉಡುಪಿಯ ಒಂದು ಮಠದ ಜಗಳದಿಂದ. ಅದಕ್ಕೆ ಆಧಾರವಾದ ಬೌದ್ಧರೂ ಜೈನರೂ ಮೈಸೂರಿನಿಂದ ಉಡುಪಿಗೆ ಹೋಗುವ ದಾರಿಯಲ್ಲೇ ಸಿಗುತ್ತಾರೆ. ತೀರ್ಪಿನ ಪುಟಗಳಲ್ಲಿ ಓದಿದ್ದನ್ನು ಜನರ ನಡುವೆ ನಿಂತು ನೋಡಬೇಕೆಂಬ ಆಸೆ ಬಹುಕಾಲದ್ದು.

ಅಕ್ಕನ ಮಗಳ ಕಾರಣವೂ ಇತ್ತು. ಅವಳಿಗೆ ದೇವರಲ್ಲಿ ಗಟ್ಟಿ ನಂಬಿಕೆ. ದಿನಾ ರಾತ್ರಿ ಕಣ್ಣು ಮುಚ್ಚಿ ಐದು ನಿಮಿಷ ಕೂರುತ್ತಾಳೆ. ಆದರೆ ‘ನನಗೆ ಯಾವ ಮತವೂ ಇಲ್ಲ’ ಎನ್ನುತ್ತಾಳೆ. ಸೋಮವಾರ ಒಪ್ಪೊತ್ತು ಮಾಡುವ ಅಕ್ಕನಿಗೆ ಇದು ತಲೆಗೇ ಹೋಗದ ಮಾತು. “ದೇವ್ರು ಬೇಕಂತೆ, ಮತ ಬೇಡ್ವಂತೆ. ಅದು ಹೆಂಗಾಗತ್ತೆ?” ಎಂದು ಬಿಳಿಕೆರೆಯ ಹತ್ತಿರ ಕೇಳಿದ್ದಳು. ನಾನು ಆಗ ಉತ್ತರ ಕೊಡಲಿಲ್ಲ.

1959ರ ನಂತರ ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ ಆಗಿನ ಮೈಸೂರು ರಾಜ್ಯ ಇಲ್ಲಿ ಸುಮಾರು 3,000 ಎಕರೆ ಕಾಡು ಕೊಟ್ಟಿತು. ಅದನ್ನು ಕಡಿದು, ಸವರಿ, ಊರು ಮಾಡಿಕೊಂಡವರ ಮೊಮ್ಮಕ್ಕಳು ಈಗ ಅಂಗಡಿಗಳಲ್ಲಿ ನಮ್ಮಂತೆಯೇ ಕನ್ನಡ ಮಾತಾಡುತ್ತಾರೆ. ಎಲ್ಲರೂ ನೋಡುವುದು ನಾಮ್‌ಡ್ರೋಲಿಂಗ್ ಮಠದ ಚಿನ್ನದ ದೇಗುಲವನ್ನು. ಪೆನೋರ್ ರಿಂಪೋಚೆ 1963ರಲ್ಲಿ ಸ್ಥಾಪಿಸಿದ ಮಠ ಅದು. ಅಲ್ಲಿನ ಮೂರು ಭಾರೀ ಹೊಂಬಣ್ಣದ ಮೂರ್ತಿಗಳ ಮುಂದೆ ಅಕ್ಕ ಸಹಜವಾಗಿ ಕೈಮುಗಿದಳು. ಆದರೆ ನನಗೆ ನೋಡಬೇಕಾಗಿದ್ದದ್ದು ಸೆರಾ ಮಠದ ಅಂಗಳದ ವಾದ.

ಸಂಜೆ ಅಲ್ಲಿಗೆ ಹೋದಾಗ ನೂರಾರು ಭಿಕ್ಷುಗಳು ಜೋಡಿಜೋಡಿಯಾಗಿ ವಾದಕ್ಕಿಳಿದಿದ್ದರು. ಕೂತವನು ಉತ್ತರಿಸಬೇಕು, ನಿಂತವನು ಪ್ರಶ್ನೆ ಹಾಕಬೇಕು. ಪ್ರತಿ ಪ್ರಶ್ನೆಗೂ ಎಡಗಾಲು ನೆಲಕ್ಕೆ ಅಪ್ಪಳಿಸಿ, ಎರಡು ಅಂಗೈ ಸೇರಿಸಿ ಚಟ್ಟನೆ ಹೊಡೆಯುವ ಸದ್ದು. ಮಠದ ಓದಿನಲ್ಲಿ ಧರ್ಮಕೀರ್ತಿಯ ಪ್ರಮಾಣಶಾಸ್ತ್ರ, ಎಂದರೆ ಸರಿಯಾದ ಅರಿವು ಯಾವುದೆಂದು ವಿಚಾರಿಸುವ ಶಾಸ್ತ್ರ, ದೊಡ್ಡ ಪಾಠ. ಆ ಧರ್ಮಕೀರ್ತಿ ಏಳನೇ ಶತಮಾನದ ಭಾರತದ ಪಂಡಿತ. ಈಶ್ವರನೇ ಜಗತ್ತಿಗೆ ಕಾರಣ ಎನ್ನುವವರನ್ನು ಅವನು ಕೇಳಿದ್ದು ಹೆಚ್ಚುಕಡಿಮೆ ಹೀಗೆ: ನಿಮ್ಮ ಈಶ್ವರ ನಿತ್ಯ, ಬದಲಾಗದವನು ಎನ್ನುತ್ತೀರಿ. ಬದಲಾಗದವನು ಒಮ್ಮೆ ಸೃಷ್ಟಿಸುವುದು, ಇನ್ನೊಮ್ಮೆ ಸುಮ್ಮನಿರುವುದು ಹೇಗೆ? ಹಿಮಾಲಯ ದಾಟಿ ಹೋದ ಈ ಪ್ರಶ್ನೆ ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ ಕಾವೇರಿಯ ಪಕ್ಕಕ್ಕೆ ಮರಳಿ ಬಂದು, ಪ್ರತಿದಿನ ಚಪ್ಪಾಳೆಯೊಂದಿಗೆ ಕೇಳಿಸುತ್ತಿದೆ ಎನ್ನುವುದು ನನಗೆ ರೋಮಾಂಚನದ ಸಂಗತಿ.

ವಾದ ಮುಗಿದ ಮೇಲೆ ಒಬ್ಬ ನಡುವಯಸ್ಸಿನ ಭಿಕ್ಷು ನಮ್ಮ ಜೊತೆ ಮಾತಿಗೆ ನಿಂತರು. ಹುಟ್ಟಿದ್ದು ಇದೇ ಕ್ಯಾಂಪಿನಲ್ಲಿ, ಕನ್ನಡ ಚೆನ್ನಾಗಿತ್ತು. ಅಕ್ಕ ನೇರವಾಗಿ ಕೇಳಿದಳು: “ಸ್ವಾಮಿ, ನಿಮ್ಮಲ್ಲಿ ದೇವ್ರೇ ಇಲ್ಲ ಅಂತಾನೆ ನನ್ ತಮ್ಮ. ಹಂಗಾದ್ರೆ ಒಳಗೆ ಅಷ್ಟೊಂದು ದೀಪ ಯಾರಿಗೆ ಹಚ್ಚಿದೀರಿ?”

ಅವರು ಸಾವಧಾನವಾಗಿ ಹೇಳಿದರು: “ದೇವತೆಗಳು ಇದಾರಮ್ಮ, ಬೇಕಾದಷ್ಟು ಇದಾರೆ. ಆದ್ರೆ ಅವರು ಪ್ರಪಂಚ ಮಾಡಿದವರಲ್ಲ. ಅವರೂ ನಮ್ಮ ಹಾಗೆ ಹುಟ್ಟು ಸಾವಿನ ಒಳಗೇ ಇರೋರು ತುಂಬಾ ಜನ. ದೀಪ ಹಚ್ಚೋದು ನಮ್ಮ ಕತ್ತಲೆ ಹೋಗ್ಲಿ ಅಂತ. ನಾವು ಶರಣು ಹೋಗೋದು ಮೂರಕ್ಕೆ. ಬುದ್ಧ, ಧರ್ಮ, ಸಂಘ.”

ಅವರ ಮಾತಿನ ಕೊನೆಯ ಪದ ನನ್ನ ಮನಸ್ಸಿನಲ್ಲಿ ಕೂತಿತು. ಸಂಘವೆಂದರೆ ಜೊತೆಗಾರರು. ಬೆಳಗಿನ ಜಾವ ಎಬ್ಬಿಸುವವರು, ಪಾಠ ಒಪ್ಪಿಸಿಕೊಳ್ಳುವವರು, ತಪ್ಪು ಮಾಡಿದರೆ ಕೇಳುವವರು. ಎಂಟು ಹತ್ತು ವರ್ಷದ ಹುಡುಗರು ಒಂದು ಗೋಡೆಯ ಬದಿಯಲ್ಲಿ ಕೂತು ಮೈ ತೂಗುತ್ತ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದರು. ಸೃಷ್ಟಿಕರ್ತನಿಲ್ಲದ ಈ ಅಂಗಳದಲ್ಲಿ ಮತವಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ?

ಶುಕ್ರವಾರ, ಶ್ರವಣಬೆಳಗೊಳ

ಬೆಳಿಗ್ಗೆ ಬೇಗ ಹೊರಟು ಹೊಳೆನರಸೀಪುರ, ಚನ್ನರಾಯಪಟ್ಟಣದ ಮೇಲೆ ಬಂದೆವು. ಬರಿಗಾಲಲ್ಲಿ ಹತ್ತಬೇಕಾದ ಬಂಡೆ ಆಗಲೇ ಕಾದಿತ್ತು. ದೊಡ್ಡಬೆಟ್ಟವನ್ನು ಸಂಜೆಗಿಟ್ಟುಕೊಂಡು ಊರೊಳಗಿನ ಬಸದಿಗಳನ್ನು ನೋಡಿದೆವು.

ಅಕ್ಕನ ಬಸದಿಯನ್ನು ನಾನು ಎಲ್ಲರಿಗೂ ನೋಡಿ ಎನ್ನುತ್ತೇನೆ. ಹೊಯ್ಸಳರ ಕಾಲದ ಹೊಳಪಿನ ಕಂಬಗಳಿಗಾಗಿ ಒಂದು, ಅದನ್ನು ಕಟ್ಟಿಸಿದವಳ ಸಂಸಾರಕ್ಕಾಗಿ ಇನ್ನೊಂದು. 1181ರಲ್ಲಿ ಇದನ್ನು ಕಟ್ಟಿಸಿದ ಆಚಿಯಕ್ಕ ಜೈನಳು. ಅವಳ ಗಂಡ ಚಂದ್ರಮೌಳಿ ಎರಡನೇ ವೀರಬಲ್ಲಾಳನ ಮಂತ್ರಿ, ಶೈವ ಬ್ರಾಹ್ಮಣ. ಒಂದೇ ಮನೆಯಲ್ಲಿ ಶಿವನನ್ನು ಪೂಜಿಸುವವನೂ ಸೃಷ್ಟಿಕರ್ತನೇ ಇಲ್ಲ ಎನ್ನುವ ಮತದವಳೂ ಬಾಳಿದರು. ಅವಳ ಬಸದಿಗೆ ಅವನೇ ದೊರೆಯಿಂದ ಊರೊಂದನ್ನು ಉಂಬಳಿ ಬಿಡಿಸಿದ. ಅದಕ್ಕೂ ಮೊದಲು ವಿಷ್ಣುವರ್ಧನನ ರಾಣಿ ಶಾಂತಲೆ ಎದುರಿನ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ಕಟ್ಟಿಸಿದ್ದಳು. ನಮ್ಮ ಹಿರಿಯರ ಮನೆಗಳಲ್ಲಿ ಈ ಪ್ರಶ್ನೆ ಊಟದ ಎಲೆಯ ಮುಂದೆಯೇ ಎದ್ದಿರಬೇಕು.

ಭಂಡಾರಿ ಬಸದಿಯ ಬಳಿ 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹುಟ್ಟಿ, ಜೈನರು ದೊರೆಯಲ್ಲಿ ದೂರು ಕೊಟ್ಟರು. ಬುಕ್ಕರಾಯ ಇಬ್ಬರ ಮುಖಂಡರನ್ನೂ ಕರೆಸಿ, ಜೈನರ ಕೈಹಿಡಿದು ವೈಷ್ಣವರ ಕೈಯಲ್ಲಿಟ್ಟ. ಈ ಎರಡು ದರ್ಶನಗಳಿಗೆ ಭೇದವಿಲ್ಲವೆಂದ. ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ವೈಷ್ಣವರ ಕಡೆಯಿಂದಲೇ ನೇಮಿಸುವ ಏರ್ಪಾಡಾಯಿತು, ಅದರ ಖರ್ಚಿಗೆ ಜೈನರು ಮನೆಗೊಂದು ಹಣ ಕೊಡಬೇಕು. ನನ್ನ ವೃತ್ತಿಯ ಕಣ್ಣಿನಿಂದ ನೋಡಿದರೆ ಇದು ಸೊಗಸಾದ ತೀರ್ಪು. ವಿಷ್ಣುವೇ ಸರ್ವಸ್ವ ಎನ್ನುವವರನ್ನೂ ಸೃಷ್ಟಿಕರ್ತನನ್ನು ಒಪ್ಪದವರನ್ನೂ ದೊರೆ ಒಂದೇ ಸಾಲಿನಲ್ಲಿ ನಿಲ್ಲಿಸಿದ. ಯಾರ ದೇವರು ಯಾರು ಎಂದು ಅಳೆಯಲು ಹೋಗಲಿಲ್ಲ. ಎರಡು ಕಡೆಗೂ ಗುರುಗಳು, ಗುಡಿಗಳು, ಕಲಶ ವಾದ್ಯಗಳ ಮರ್ಯಾದೆ, ನಡೆದುಬಂದ ಪದ್ಧತಿ ಇವೆಯೆಂಬುದನ್ನು ನೋಡಿದ.

ನಾಲ್ಕರ ಮೇಲೆ ಬೆಟ್ಟ ಹತ್ತಿದೆವು. ಕಲ್ಲಿನಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಅಕ್ಕ ಡೋಲಿ ಬೇಡವೆಂದು ಕೂತು ಕೂತು ಹತ್ತಿದಳು. ಗಂಗರ ರಾಚಮಲ್ಲನ ಮಂತ್ರಿ ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ಮಾಡಿಸಿದ, 58 ಅಡಿಯ ಗೊಮ್ಮಟನನ್ನು ಎಷ್ಟು ಸಲ ನೋಡಿದರೂ ಮೊದಲ ಕ್ಷಣ ಮಾತು ನಿಲ್ಲುತ್ತದೆ. ಕಾಲ ಬಳಿ ಹುತ್ತ, ತೋಳಿಗೆ ಸುತ್ತಿದ ಬಳ್ಳಿ. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ನಿಂತವನು. ಇವನು ಜಗತ್ತನ್ನು ಸೃಷ್ಟಿಸಲಿಲ್ಲ, ವರ ಕೊಡುವುದಿಲ್ಲ, ಶಾಪವನ್ನೂ ಕೊಡುವುದಿಲ್ಲ. ಇಪ್ಪತ್ತನಾಲ್ಕು ತೀರ್ಥಂಕರರಲ್ಲಿಯೂ ಒಬ್ಬನಲ್ಲ. ಜೈನರು ದಿನವೂ ಹೇಳುವ ಣಮೋಕಾರ ಮಂತ್ರದಲ್ಲಿ ಅರಿಹಂತರು, ಸಿದ್ಧರು, ಆಚಾರ್ಯರು, ಉಪಾಧ್ಯಾಯರು, ಸಾಧುಗಳು ಎಂಬ ಐದು ಬಗೆಯವರಿಗೆ ವಂದನೆಯಿದೆ. ಒಬ್ಬ ದೇವರ ಹೆಸರೂ ಇಲ್ಲ. ಜಗತ್ತಿಗೆ ಕರ್ತೃವಿದ್ದಾನೆ ಎನ್ನುವ ವಾದವನ್ನು ಒಂಬತ್ತನೇ ಶತಮಾನದ ಜಿನಸೇನಾಚಾರ್ಯರು ನೇರವಾಗಿ ಖಂಡಿಸಿದರು.

ಗೊಮ್ಮಟನ ಪಾದದ ಬಳಿ ಬೆಳಗಾವಿ ಕಡೆಯ ಹಿರಿಯರೊಬ್ಬರು ಕೂತು ಮಂತ್ರ ಹೇಳುತ್ತಿದ್ದರು. ಕಬ್ಬು ಬೆಳೆಯುವ ರೈತರು. ಅಕ್ಕನ ಮಗಳು ಅವರ ಪಕ್ಕ ಕೂತು, ಏನು ಬೇಡಿಕೊಂಡಿರಿ ಎಂದು ಕೇಳಿದಳು.

“ಬೇಡೂದ ಏನೈತವ್ವಾ? ಅಂವಾ ಕೊಡೂದಿಲ್ಲ, ನಾವ ಕೇಳೂದಿಲ್ಲ. ಹಾದಿ ತೋರ್ಸ್ಯಾನ. ನಡಿಯೂದು ನಮ್ಮ ಕೆಲಸ.”

ಹಾಗೆಂದವರು ಪಡುವಣದ ಕಡೆ ನೋಡಿ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕೆಂದು ಎದ್ದರು. ಅವರ ಮೊಮ್ಮಗ ಇನ್ನೂ ಫೋಟೋ ತೆಗೆಯುತ್ತಿದ್ದ. “ಏಳೋ, ಹೊತ್ತ ಆತು” ಎಂದು ಅವನ ಭುಜ ತಟ್ಟಿದರು. ಅಜ್ಜ ಮೊಮ್ಮಗ ಸರಸರ ಮೆಟ್ಟಿಲಿಳಿಯುವುದನ್ನು ನೋಡುತ್ತ ನಿಂತೆ. ಗಡಿಯಾರದಲ್ಲಿ, ತಟ್ಟೆಯಲ್ಲಿ, ಮೊಮ್ಮಗನ ಭುಜದ ಮೇಲಿನ ಕೈಯಲ್ಲಿ ಅವರ ಮತವಿತ್ತು. ಈ ಜೈನರೂ ಕೂಷ್ಮಾಂಡಿನಿಗೆ, ಪದ್ಮಾವತಿಗೆ, ಬ್ರಹ್ಮದೇವರಿಗೆ ಹರಕೆ ಹೊರುವುದುಂಟು. ಮಳೆ ಬೆಳೆ ಮಕ್ಕಳುಮರಿಗಾಗಿ ಆ ಯಕ್ಷಯಕ್ಷಿಯರಲ್ಲಿ ನಂಬಿಕೆ. ಆದರೆ ಮೋಕ್ಷಕ್ಕೆ ಅವರ ಹಂಗಿಲ್ಲ. ಎಂದರೆ ಇಲ್ಲಿ ದೇವತೆಗಳಲ್ಲಿ ನಂಬಿಕೆಯೂ ಇದೆ, ಮತವೂ ಇದೆ, ಆ ನಂಬಿಕೆಯೇ ಮತವಲ್ಲ.

ಎದುರಿನ ಚಿಕ್ಕಬೆಟ್ಟ ಮಬ್ಬಾಗತೊಡಗಿತ್ತು. ಅಲ್ಲಿ ಸಲ್ಲೇಖನ, ಎಂದರೆ ಊಟ ಬಿಡುತ್ತ ಸಾವನ್ನು ಎದುರುಗೊಳ್ಳುವ ವ್ರತದಿಂದ ದೇಹ ಬಿಟ್ಟವರ ಶಾಸನಗಳಿವೆ, ಕೆಲವು ನಮ್ಮ ಭಾಷೆಯ ಬಹಳ ಹಳೆಯ ಪದ್ಯಗಳು. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಈ ವ್ರತವನ್ನು ಆತ್ಮಹತ್ಯೆಯಂತೆ ಕಂಡು ನಿಷೇಧಿಸಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಹೇಗೆ ಸಾಯಬೇಕೆಂಬ ಬಗ್ಗೆಯೂ ಒಂದು ಕ್ರಮ ಹೇಳುವಷ್ಟು ಆಳಕ್ಕೆ ಇಳಿದಿರುವ ಬದುಕಿನ ಪದ್ಧತಿ, ಮೇಲೊಬ್ಬ ಕರ್ತಾರನ ಅಪ್ಪಣೆಯಿಲ್ಲದೆ ನಡೆದುಬಂದಿದೆ.

ಶನಿವಾರ, ಧರ್ಮಸ್ಥಳ

ಹಾಸನ, ಸಕಲೇಶಪುರ, ಶಿರಾಡಿ ಘಾಟಿ. ಲಾರಿಗಳ ಹಿಂದೆ ತೆವಳಿ ಇಳಿದು ಸೆಕೆಗೆ ಬಂದೆವು. ನೇತ್ರಾವತಿಯಲ್ಲಿ ಕಾಲು ತೊಳೆದು ದೇವಸ್ಥಾನದ ಸರತಿಯಲ್ಲಿ ನಿಂತಾಗ ಅಕ್ಕನ ಮುಖದಲ್ಲಿ, ಕಡೆಗೂ ನಮ್ಮ ದೇವರ ಊರಿಗೆ ಬಂದೆವೆಂಬ ನೆಮ್ಮದಿ.

ಆದರೆ ಧರ್ಮಸ್ಥಳದಷ್ಟು ಗೆರೆಗಳನ್ನು ಕಲಸಿಹಾಕಿದ ಕ್ಷೇತ್ರ ನಮ್ಮಲ್ಲಿ ಇನ್ನೊಂದಿಲ್ಲ. ದೇವರು ಮಂಜುನಾಥ, ಶಿವ. ಪೂಜೆ ಮಾಡುವವರು ಮಾಧ್ವ ವೈಷ್ಣವ ಬ್ರಾಹ್ಮಣರು. ಆಡಳಿತ ಜೈನ ಹೆಗ್ಗಡೆ ಮನೆತನದ್ದು. ಎಲ್ಲಕ್ಕೂ ಮೊದಲು ಬಂದವರು ನಾಲ್ಕು ದೈವಗಳು: ಕಾಳರಾಹು, ಕಾಳರ್ಕಾಯಿ, ಕುಮಾರಸ್ವಾಮಿ, ಕನ್ಯಾಕುಮಾರಿ. ಸ್ಥಳಪುರಾಣದ ಪ್ರಕಾರ, ಆಗ ಕುಡುಮ ಎನಿಸಿದ್ದ ಈ ಊರಿನ ನೆಲ್ಯಾಡಿ ಬೀಡಿನಲ್ಲಿ ಬಿರ್ಮಣ್ಣ ಪೆರ್ಗಡೆ, ಅಮ್ಮು ಬಲ್ಲಾಳ್ತಿ ಎಂಬ ಜೈನ ದಂಪತಿ ಇದ್ದರು. ದೈವಗಳು ಅತಿಥಿಗಳಾಗಿ ಬಂದು ಆ ಮನೆಯನ್ನೇ ತಮಗೆ ಬಿಟ್ಟುಕೊಡಬೇಕೆಂದವು. ದಂಪತಿ ಬಿಟ್ಟುಕೊಟ್ಟರು. ಮುಂದೆ ಅಣ್ಣಪ್ಪ ಕದ್ರಿಯಿಂದ ಲಿಂಗ ತಂದ, ಸೋದೆಯ ವಾದಿರಾಜರು ಪ್ರತಿಷ್ಠೆ ಮಾಡಿದರು. ಪಕ್ಕದಲ್ಲೇ ಚಂದ್ರನಾಥ ಸ್ವಾಮಿಯ ಬಸದಿ, ಗುಡ್ಡದ ಮೇಲೆ 39 ಅಡಿಯ ಬಾಹುಬಲಿ.

ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬಿರ್ಮಣ್ಣ ಪೆರ್ಗಡೆ. ಅವನು ದೈವಗಳನ್ನು ನಂಬಿದ, ಮನೆ ಬಿಟ್ಟುಕೊಡುವಷ್ಟು ನಂಬಿದ. ಆದರೆ ಅವನು ಜೈನನಾಗಿಯೇ ಉಳಿದ, ಅವನ ಸಂತತಿ ಇವತ್ತಿಗೂ ಜೈನರಾಗಿಯೇ ಇದ್ದಾರೆ. ಶಿವನ ಗುಡಿಯನ್ನು ನಡೆಸುವ ಜೈನ ಹೆಗ್ಗಡೆಯವರನ್ನು ಯಾರೂ ನೀವು ಶೈವರಾದಿರಿ ಎನ್ನುವುದಿಲ್ಲ. ದೇವರಲ್ಲಿ ನಂಬಿಕೆಯಿಟ್ಟ ಕೂಡಲೇ ಮತ ಬದಲಾಗುವುದಾಗಿದ್ದರೆ ಈ ಕ್ಷೇತ್ರ ಒಂದು ದಿನವೂ ನಡೆಯುತ್ತಿರಲಿಲ್ಲ.

ಅನ್ನಪೂರ್ಣ ಛತ್ರದಲ್ಲಿ ಊಟಕ್ಕೆ ಕೂತಾಗ ಇದನ್ನೇ ಅಕ್ಕನಿಗೆ ಹೇಳಿದೆ. ಅವಳು ಅನ್ನ ಕಲಸುತ್ತ, “ಅದು ಸರಿನಪ್ಪ. ಆದ್ರೆ ಅವ್ರಿಗೆ ಒಂದು ಮತ ಅಂತ ಇತ್ತಲ್ಲ, ಅದಕ್ಕೇ ಇನ್ನೊಂದು ದೇವ್ರಿಗೂ ಜಾಗ ಕೊಟ್ರು. ಇವಳಿಗೆ ಇರೋದೇ ಇಲ್ವಲ್ಲ” ಎಂದಳು. ಅಕ್ಕನ ಮಗಳು ತಲೆಯೆತ್ತಲಿಲ್ಲ. ಅಕ್ಕನ ಮಾತಿನಲ್ಲಿ ಹುರುಳಿತ್ತು, ನಾನೂ ಸುಮ್ಮನಾದೆ.

ಭಾನುವಾರ, ವೇಣೂರಿನಿಂದ ಕಡಲ ಕಡೆಗೆ

ವೇಣೂರಿನ ಗೊಮ್ಮಟ ಫಲ್ಗುಣಿಯ ದಡದಲ್ಲಿ, ತೆಂಗಿನ ತೋಟಗಳ ನಡುವೆ ನಿಂತಿದ್ದಾನೆ. 35 ಅಡಿ, 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದರಂತೆ ಒಂದಿಲ್ಲದ ಕಂಬಗಳನ್ನು ನೋಡುತ್ತ ಅರ್ಧ ಗಂಟೆ ಹೋಯಿತು. ಮಧ್ಯಾಹ್ನ ಮೂಲ್ಕಿ ಸೇರಿದೆವು.

ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನವನ್ನು ಈ ದಾರಿಯಲ್ಲಿ ಬಿಡುವ ಹಾಗೇ ಇಲ್ಲ. ಬಪ್ಪ ಎಂಬ ಬ್ಯಾರಿ ವ್ಯಾಪಾರಿಯ ಹಡಗು ಇಲ್ಲಿನ ಹೊಳೆಯಲ್ಲಿ ಕಲ್ಲಿಗೆ ತಾಗಿ ನಿಂತು, ನೀರು ಕೆಂಪಾಗಿ, ದೇವಿ ಅವನ ಕನಸಿಗೆ ಬಂದು ಗುಡಿ ಕಟ್ಟಿಸಲು ಹೇಳಿದಳೆಂಬುದು ಊರಿನ ಕತೆ. ಊರಿಗೆ ಅವನ ಹೆಸರೇ ಉಳಿಯಿತು. ಜಾತ್ರೆಯಲ್ಲಿ ಅವನ ಮನೆಯವರಿಗೆ ಇವತ್ತಿಗೂ ಪ್ರಸಾದದ ಗೌರವ ಸಲ್ಲುತ್ತದೆ. ಬಪ್ಪ ದೇವಿಯನ್ನು ನಂಬಿದ, ಅವಳ ಮಾತಿನಂತೆ ನಡೆದ. ಮುಸಲ್ಮಾನನಾಗಿಯೇ ಉಳಿದ.

ರಾತ್ರಿ ಹತ್ತಿರದ ಹಳ್ಳಿಯಲ್ಲಿ ನನ್ನ ವಕೀಲ ಮಿತ್ರರ ತರವಾಡು ಮನೆಯ ನೇಮ, ಎಂದರೆ ದೈವ ಮೈಮೇಲೆ ಬಂದು ನುಡಿ ಕೊಡುವ ಆರಾಧನೆ. ಕಲ್ಲುರ್ಟಿ ಎಂಬ ದೈವಕ್ಕೆ. ಬೆಳಿಗ್ಗೆ ಕಂಡ ಗೊಮ್ಮಟನ ನಂಟು ಇಲ್ಲಿ ಮತ್ತೆ ಸಿಕ್ಕಿತು. ತುಳುವಿನ ಕಥನಗೀತೆಯಾದ ಪಾಡ್ದನದ ಪ್ರಕಾರ ಕಾರ್ಕಳದ ಗೊಮ್ಮಟನನ್ನು ಕಡೆದವನು ಕಲ್ಕುಡನೆಂಬ ಶಿಲ್ಪಿ. ಅಂಥದ್ದನ್ನು ಇನ್ನೆಲ್ಲೂ ಕಡೆಯಬಾರದೆಂದು ಕಾರ್ಕಳದ ಭೈರವರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಉಳಿದ ಒಂದು ಕೈ, ಒಂದು ಕಾಲಿನಲ್ಲೇ ಕಲ್ಕುಡ ವೇಣೂರಿನ ಗೊಮ್ಮಟನನ್ನು ಕಡೆದ. ಅವನ ತಂಗಿ ಕಲ್ಲುರ್ಟಿ ಅಣ್ಣನ ಸ್ಥಿತಿ ಕಂಡು ಉರಿದೆದ್ದಳು. ಅಣ್ಣ ತಂಗಿ ಇಬ್ಬರೂ ದೈವಗಳಾದರು, ಅರಸನ ಮನೆಗೆ ಬೆಂಕಿ ಬಿತ್ತು. ಇತಿಹಾಸದ ತಾರೀಖುಗಳನ್ನು ಹಿಡಿದರೆ ಕಾರ್ಕಳದ್ದು 1432, ವೇಣೂರಿಗೂ ಅದಕ್ಕೂ ನೂರೆಪ್ಪತ್ತು ವರ್ಷ ಅಂತರ. ಪಾಡ್ದನಕ್ಕೆ ಆ ಲೆಕ್ಕ ಬೇಡ, ಅದಕ್ಕೆ ಬೇಕಾದದ್ದು ಅನ್ಯಾಯದ ಲೆಕ್ಕ. ಜೈನ ಅರಸ ನಿಲ್ಲಿಸಿದ ಆ ಶಿಲೆಯನ್ನು ಒಂದು ಮತ ಪೂಜಿಸುತ್ತದೆ. ಅದನ್ನು ಕಡೆದು ಕೈಕಾಲು ಕಳೆದುಕೊಂಡವನನ್ನು ಒಂದು ನಾಡೇ ನಂಬುತ್ತದೆ.

ದೈವ ಕಟ್ಟುವವನಿಗೆ ಎಣ್ಣೆ ವೀಳ್ಯ ಕೊಡುವ ಎಣ್ಣೆಬೂಳ್ಯ ಆಗಿ, ಬಣ್ಣ ಹಚ್ಚುವಾಗ ಪಾಡ್ದನ ನಡೆಯಿತು. ತೆಂಬರೆಯೆಂಬ ಚರ್ಮವಾದ್ಯದ ಬಡಿತಕ್ಕೆ ಹೆಂಗಸೊಬ್ಬಳ ಗಂಟಲು. ತುಳು ನನಗೆ ಅರೆಬರೆ ಅರ್ಥವಾಗುತ್ತದೆ, ಅಕ್ಕನಿಗೆ ಏನೂ ಇಲ್ಲ. ಆದರೂ ಕಲ್ಕುಡನ ಕೈ ಕಡಿಯುವ ಜಾಗ ಬಂದಾಗ ಅವಳಿಗೆ ತಿಳಿಯಿತು, ಸೆರಗು ಕಣ್ಣಿಗೆ ಹೋಯಿತು. ಬೆನ್ನಿಗೆ ಅಣಿ ಕಟ್ಟಿ, ಕಾಲಿಗೆ ಗಗ್ಗರ ತೊಟ್ಟು, ದೀವಟಿಗೆ ಹಿಡಿದು ದೈವ ಎದ್ದು ನಿಂತಾಗ ಅಂಗಳದಲ್ಲಿ ಬಂಟರು, ಬಿಲ್ಲವರು, ಮೊಗವೀರರು, ಒಬ್ಬ ಜೈನ ಗುತ್ತಿನವರು, ಮನೆಯ ಪುರೋಹಿತ ಭಟ್ಟರು ಎಲ್ಲರೂ ಇದ್ದರು. ಅಂಚಿನಲ್ಲಿ ಹಲಸಿನ ಮರದಡಿ ಟೊಪ್ಪಿ ಹಾಕಿದ ಹಿರಿಯ ಬ್ಯಾರಿಯೊಬ್ಬರು. ದೈವ ಒಬ್ಬೊಬ್ಬರ ಮನೆತನ ಹಿಡಿದು ಕರೆದು ನುಡಿ ಕೊಟ್ಟಿತು. ಅಣ್ಣತಮ್ಮಂದಿರ ಗದ್ದೆಯ ತಕರಾರೊಂದನ್ನು ಎಲ್ಲರೆದುರು ಎತ್ತಿತು. ನಮ್ಮ ಸಿವಿಲ್ ಕೋರ್ಟಿನಲ್ಲಿ ಹದಿನೈದು ವರ್ಷ ಎಳೆಯಬಹುದಾದ ಮಾತಿಗೆ ಇಬ್ಬರೂ ತಲೆತಗ್ಗಿಸಿ ಕೈಮುಗಿದರು.

ನಡುರಾತ್ರಿ ಗಂಜಿ ಊಟದ ಹೊತ್ತಿಗೆ ಆ ಬ್ಯಾರಿ ಹಿರಿಯರ ಜೊತೆ ಮಾತಾಡಿದೆ. ಅವರ ಅಜ್ಜನ ಕಾಲದಿಂದ ಈ ನೇಮದ ದಿನ ಬಂದು ನಿಲ್ಲುವುದು ವಾಡಿಕೆಯಂತೆ. “ನಮ್ಮ ದೀನು ಬೇರೆ ಉಂಟು. ನಾನು ಐದು ಹೊತ್ತು ನಮಾಜು ಮಾಡುವವ. ಆದ್ರೆ ಈ ಜಾಗದಲ್ಲಿ ಒಂದು ಸತ್ಯ ಉಂಟು ಅಂತ ನನಗೆ ಗೊತ್ತುಂಟು. ಇಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ” ಎಂದರು.

ದೈವಾರಾಧನೆಗೆ ಕಟ್ಟುಕಟ್ಟಳೆ ಇವೆ, ವರ್ಷದ ಲೆಕ್ಕವಿದೆ, ಯಾರು ಏನು ಮಾಡಬೇಕೆಂಬ ನಿಯಮವಿದೆ. ಹಾಗಾದರೆ ಇದೇ ಒಂದು ಮತವೇ? ನಿದ್ದೆಗಣ್ಣಿನಲ್ಲಿ ಇದನ್ನೇ ಯೋಚಿಸಿದೆ. ಅಲ್ಲ ಎಂದು ನನಗನ್ನಿಸುತ್ತದೆ. ಕಲ್ಲುರ್ಟಿ ಯಾರನ್ನೂ ‘ನೀನು ಇಂಥವನಾಗು’ ಎನ್ನುವುದಿಲ್ಲ. ಜೈನ ಜೈನನಾಗಿ, ಭಟ್ಟರು ಭಟ್ಟರಾಗಿ ಬಂದು ನಿಲ್ಲುತ್ತಾರೆ. ಮದುವೆ, ಸೂತಕ, ತಿಥಿ ಅವರವರ ಮನೆಯ ಕ್ರಮ. ದೈವ ಕೇಳುವುದು ಈ ಮಣ್ಣಿಗೆ, ಈ ಮನೆಗೆ ಸಲ್ಲಬೇಕಾದ ಸತ್ಯ ಮತ್ತು ಪಾಲು. ತುಳುನಾಡಿನ ಕಡಲ ಬದಿಯಲ್ಲಿ ಮೊಗವೀರರು ನಂಬುವ ಬೊಬ್ಬರ್ಯನ ತಂದೆ ಮುಸ್ಲಿಂ ಎಂದು ಪಾಡ್ದನಗಳೇ ಹೇಳುತ್ತವೆ. ಮೀನಿಗೆ ಹೋಗುವ ಮೊದಲು ಅವನನ್ನು ನೆನೆಯುವವರು ಅದರಿಂದ ಮತಾಂತರವಾಗಲಿಲ್ಲ. ನಂಬಿಕೆ ಇಷ್ಟು ಗಟ್ಟಿಯಾಗಿರಬಲ್ಲದು, ಮತವಾಗದೆಯೂ.

ಸೋಮವಾರ, ಉಡುಪಿ

ಕನಕನ ಕಿಂಡಿಯಲ್ಲಿ ಕೃಷ್ಣನನ್ನು ನೋಡಿ ರಥಬೀದಿಗೆ ಬಂದೆವು. ಅಷ್ಟಮಠಗಳ ಬಾಗಿಲುಗಳು ಸುತ್ತಲೂ. ಶೀರೂರು ಮಠದ ಮುಂದೆ ನಿಂತು, “ಇದೇ” ಎಂದೆ. ಮಧ್ವಾಚಾರ್ಯರ ಶಿಷ್ಯ ವಾಮನತೀರ್ಥರ ಪರಂಪರೆಯ ಈ ಮಠದ ಹೆಸರು ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಗೆ ಬಾಯಿಪಾಠ.

ಕೃಷ್ಣನ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಮಠದಿಂದ ಮಠಕ್ಕೆ ಕೈ ಬದಲಾಗುವ ಪರ್ಯಾಯದ ಖರ್ಚು ಚಿಕ್ಕದಲ್ಲ, ಬಂದವರಿಗೆಲ್ಲ ಊಟ ಹಾಕಬೇಕು. ಲಕ್ಷ್ಮೀಂದ್ರ ತೀರ್ಥರ ಕಾಲದಲ್ಲಿ, 1931ರ ಪರ್ಯಾಯದ ನಂತರ, ಮಠ ಸಾಲಕ್ಕೆ ಬಿತ್ತು. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಸರ್ಕಾರದ ಧಾರ್ಮಿಕ ದತ್ತಿ ಮಂಡಳಿ ಮಠದ ಆಡಳಿತಕ್ಕೆ ಕೈಹಾಕಿತು, 1951ರ ಹೊಸ ಕಾಯಿದೆ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಸ್ವಾಮಿಗಳು ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ಪರವಾಗಿ ಬಿ.ಕೆ. ಮುಖರ್ಜಿಯಾ ತೀರ್ಪು ಬರೆದರು. ಕಾಯಿದೆಯ ಕೆಲವು ಕಲಮುಗಳು ಬಿದ್ದವು, ಮಠಗಳಿಂದ ವಸೂಲಿ ಮಾಡುವ ವಂತಿಗೆ ಶುಲ್ಕವಲ್ಲ, ತೆರಿಗೆ ಎಂದಾಯಿತು.

ಅದಕ್ಕಿಂತ ದೊಡ್ಡದು, ಮತವೆಂದರೇನು ಎಂಬ ಪ್ರಶ್ನೆಯನ್ನು ಅವರು ಎತ್ತಿಕೊಂಡದ್ದು. 1890ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಐಡಹೊ ಪ್ರಾಂತದ ಮಾರ್ಮನ್ನರ ಮೊಕದ್ದಮೆಯಲ್ಲಿ, ಮತವೆಂದರೆ ಸೃಷ್ಟಿಕರ್ತನಿಗೂ ತನಗೂ ಇರುವ ಸಂಬಂಧದ ಬಗ್ಗೆ ಒಬ್ಬನ ಭಾವನೆ ಎಂದು ಹೇಳಿತ್ತು. ಆ ಮಾತು ನಮ್ಮ ದೇಶಕ್ಕೆ ಹೊಂದುವುದಿಲ್ಲವೆಂದರು ಮುಖರ್ಜಿಯಾ. ಮತಕ್ಕೆ ದೇವರು ಇರಲೇಬೇಕೆಂದಿಲ್ಲ, ದೇವರನ್ನಾಗಲಿ ಆದಿಕಾರಣನಾದ ಚೇತನವನ್ನಾಗಲಿ ಒಪ್ಪದ ಬೌದ್ಧ ಜೈನ ಮತಗಳು ನಮ್ಮಲ್ಲಿವೆ ಎಂದರು. ಮತ ಬರಿಯ ಸಿದ್ಧಾಂತವೂ ಅಲ್ಲ, ಅದು ಆಚರಣೆ, ವಿಧಿ, ಪೂಜೆಯ ಬಗೆ, ಊಟ ಉಡುಪಿನವರೆಗೂ ಚಾಚಬಹುದು ಎಂದರು. ವಿಷ್ಣುವೇ ಸರ್ವೋತ್ತಮ, ಜೀವ ಬೇರೆ ಈಶ್ವರ ಬೇರೆ ಎಂದು ಸಾರಿದ ಮಧ್ವರ ಮಠವೊಂದು ತನ್ನ ಹಕ್ಕಿಗಾಗಿ ಹೋರಾಡಿ, ದೇವರನ್ನೊಪ್ಪದವರ ಮತವೂ ಮತವೇ ಎಂಬ ಮಾತನ್ನು ದೇಶಕ್ಕೆ ಗೆದ್ದುಕೊಟ್ಟಿತು. ಇದರಿಂದ ನನಗೆ ಈ ಬೀದಿಯ ಬಗ್ಗೆ ಹೆಮ್ಮೆ.

ಊಟ ಉಡುಪು ಎಂದದ್ದು ಉಡುಪಿಯಲ್ಲಿ ಬೇಗ ಅರ್ಥವಾಗುತ್ತದೆ. ಚಾತುರ್ಮಾಸ್ಯದಲ್ಲಿ ಇಲ್ಲಿಯ ಮಾಧ್ವರು ಮೊದಲ ತಿಂಗಳು ತರಕಾರಿ ಬಿಡುತ್ತಾರೆ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು. ದೇವರ ಮೇಲೆ ಭಕ್ತಿ ಉಕ್ಕಿದ ದಿನವೂ ಇದೇ ನಿಯಮ, ಮನಸ್ಸು ಬರಡಾದ ದಿನವೂ ಇದೇ ನಿಯಮ. ಸೆರಾ ಮಠದ ಹುಡುಗರ ಬಾಯಿಪಾಠವೂ ಬೆಳಗಾವಿ ಅಜ್ಜನ ಸಂಜೆಯ ಊಟವೂ ಹೀಗೆಯೇ ಅಲ್ಲವೇ ಎಂದು ಭೋಜನಶಾಲೆಯಲ್ಲಿ ಕೂತು ಅಕ್ಕನ ಮಗಳಿಗೆ ಹೇಳಿದೆ. ಹಲವರು ಕೂಡಿ ಒಪ್ಪಿಕೊಂಡ ನಡೆ, ಅದನ್ನು ಕಲಿಸುವವರು, ತಪ್ಪಿದರೆ ಕೇಳುವವರು ಇದ್ದಾಗ ಅದು ಮತ. ಅಲ್ಲಿ ದೇವರಿರಬಹುದು, ಇಲ್ಲದಿರಬಹುದು. ಒಬ್ಬರು ತಮ್ಮ ಎದೆಯಲ್ಲಿ ದೇವರನ್ನು ನಂಬುವುದು ಬೇರೆಯೇ ಸಂಗತಿ, ಅದನ್ನು ಮತವೆಂದು ಕರೆದರೆ ಎರಡಕ್ಕೂ ಅನ್ಯಾಯ.

“ಹಾಗಾದ್ರೆ ಮಾಮ, ನನ್ನದು ಮತ ಅಲ್ಲ ಅಂದ್ಮೇಲೆ ಕಾನೂನಿನಲ್ಲಿ ಅದಕ್ಕೆ ಬೆಲೆನೇ ಇಲ್ವಾ?”

ಈ ಪ್ರಶ್ನೆಗಾಗಿಯೇ ಕಾದಿದ್ದೆ. ಸಂವಿಧಾನದ 25ನೇ ವಿಧಿ ಮತದ ಮಾತೆತ್ತುವ ಮೊದಲೇ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಹೇಳುತ್ತದೆ. ಮಠಗಳಿಗೆ, ಪಂಗಡಗಳಿಗೆ 26ನೇ ವಿಧಿ ಬೇರೆ ಇದೆ. 2014ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಇದೇ ಪ್ರಶ್ನೆ ಬಂತು. ಕೆಲವರು ತಾವು ಏಸುಕ್ರಿಸ್ತನನ್ನು ನಂಬುತ್ತೇವೆ, ಆದರೆ ಕ್ರೈಸ್ತ ಮತಕ್ಕಾಗಲಿ ಬೇರೆ ಯಾವ ಮತಕ್ಕಾಗಲಿ ಸೇರಿದವರಲ್ಲ, ಗೆಜೆಟ್ಟಿನಲ್ಲಿ ಹಾಗೆ ಪ್ರಕಟಿಸಿ ಎಂದು ಕೇಳಿದ್ದರು. ಸರ್ಕಾರಿ ಮುದ್ರಣಾಲಯ ಒಪ್ಪಲಿಲ್ಲ. ನ್ಯಾಯಮೂರ್ತಿಗಳಾದ ಎ.ಎಸ್. ಓಕಾ ಮತ್ತು ಎ.ಎಸ್. ಚಂದೂರ್ಕರ್ ಅವರ ಪೀಠ ಅರ್ಜಿದಾರರ ಪರ ನಿಂತಿತು. ತನಗೆ ಯಾವ ಮತವೂ ಇಲ್ಲವೆನ್ನಲು ಪ್ರತಿಯೊಬ್ಬರಿಗೂ ಹಕ್ಕಿದೆ, ಮತ ಹೇಳೆಂದು ಸರ್ಕಾರ ಬಲವಂತ ಮಾಡುವಂತಿಲ್ಲ ಎಂದಿತು. ಓಕಾ ಅವರು ಮುಂದೆ ನಮ್ಮ ಕರ್ನಾಟಕ ಹೈಕೋರ್ಟಿಗೇ ಮುಖ್ಯ ನ್ಯಾಯಮೂರ್ತಿಯಾಗಿ ಬಂದರು. 2011ರ ಜನಗಣತಿಯಲ್ಲಿ ದೇಶದ 28 ಲಕ್ಷಕ್ಕೂ ಹೆಚ್ಚು ಜನರ ಮತ ದಾಖಲಾಗಿಲ್ಲ. ಅವರಲ್ಲಿ ಎಷ್ಟು ಮಂದಿ ರಾತ್ರಿ ದೇವರಿಗೆ ಕೈಮುಗಿದು ಮಲಗುತ್ತಾರೋ ಯಾವ ಗಣತಿಯೂ ಹೇಳಲಾರದು.

ಅಕ್ಕನ ಮಗಳ ಮುಖ ಅರಳಿತು. ಅಕ್ಕ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡು, ಎಲೆಯ ಮೇಲಿನ ಕೊನೆಯ ತುತ್ತು ಮುಗಿಸಿ ಮಗಳ ಕಡೆ ತಿರುಗಿದಳು.

“ಕೋರ್ಟು ಹಕ್ಕು ಕೊಟ್ಟಿದೆ, ಸಂತೋಷ. ನಾನೇನು ಅದನ್ನ ಕಿತ್ಕೊಳಲ್ಲ. ಆದ್ರೆ ನಿಮ್ಮಪ್ಪ ಹೋದಾಗ ಹನ್ನೊಂದು ದಿನ ಮನೇಲಿ ಏನು ಮಾಡ್ಬೇಕು ಅಂತ ನಂಗೆ ಯೋಚ್ನೆ ಮಾಡೋ ಶಕ್ತಿ ಇರ್ಲಿಲ್ಲ. ಪಕ್ಕದ್ಮನೆಯೋರು, ಪುರೋಹಿತ್ರು, ಎಲ್ಲ ಬಂದು ನಡೆಸ್ಕೊಟ್ರು. ನಿಂಗೆ ಅಂಥದ್ದು ಬಂದಾಗ ಯಾರು ನಡೆಸ್ಕೊಡ್ತಾರೆ?”

“ಫ್ರೆಂಡ್ಸ್ ಇದಾರಮ್ಮ.”

“ಸರಿ. ಅವ್ರನ್ನ ಒಂದ್ಸಲ ಕೂರಿಸ್ಕೊಂಡು ಮಾತಾಡು. ಯಾರು ಏನು ಮಾಡ್ಬೇಕು, ಏನು ಹಾಡ್ಬೇಕು, ಎಷ್ಟು ದಿನ ಜೊತೇಲಿರ್ಬೇಕು, ಎಲ್ಲ ಈಗ್ಲೇ ಗೊತ್ತು ಮಾಡ್ಕೊಳಿ. ನಾನು ಇರೋವಾಗ್ಲೇ ನಂಗೂ ಹೇಳು.”

ಅವಳು ಬಹಳ ಹೊತ್ತು ಯೋಚಿಸಿ, ಬರೆದಿಟ್ಟುಕೊಳ್ಳುತ್ತೇನೆ ಎಂದಳು. ಮಂಗಳೂರು ದಾಟುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ತಾಯಿ ಮಗಳು ಯಾವ ಹಾಡು ಎಂಬಲ್ಲಿಗೆ ಬಂದಿದ್ದರು. ಅಕ್ಕನಿಗೆ ದಾಸರ ಪದ ಬೇಕು, ಮಗಳಿಗೆ ಅಕ್ಕಮಹಾದೇವಿಯ ವಚನ.